2×2 ಟೈಲ್ಸ್ ಅಂದರೆ ಎರಡು ಅಡಿ ಅಲ್ವಂತೆ! ಅಡಿ-ಇಂಚು, ಮೀಟರ್ ಗೋಜಲಿನ ಬಗ್ಗೆ ನಿಮ್ಮ ಅನುಭವ ಹೇಳಿ

ಹೊಸಮನೆ_ಮೈಸೂರು:
ಎಲ್ಲರಿಗೂ ನಮಸ್ಕಾರ. ಮನೆ ಕಟ್ಟಿಸುತ್ತಿದ್ದೇನೆ, ತಲೆ ಕೆಟ್ಟಿದೆ, ಅದಕ್ಕೇ ಇಲ್ಲಿ ಬಂದು ಗೋಳು ಹೇಳಿಕೊಳ್ಳುತ್ತಿದ್ದೇನೆ. ನಮ್ಮ ಹಾಲ್ 20 ಅಡಿ ಉದ್ದ, 14 ಅಡಿ ಅಗಲ. ಮೇಸ್ತ್ರಿ ನಿಂತಲ್ಲೇ ಬೆರಳು ಮಡಚಿ ಹೇಳಿದರು, "ಟೂ ಬೈ ಟೂ ಟೈಲ್ಸ್ ಸಾರ್, ಈ ಕಡೆ ಹತ್ತು, ಆ ಕಡೆ ಏಳು, ಎಪ್ಪತ್ತಾಯ್ತು." ಬಾಕ್ಸಿಗೆ ನಾಲ್ಕು. 18 ಬಾಕ್ಸ್ ತಂದೆ, ಎರಡು ಜಾಸ್ತಿ ಇರಲಿ ಅಂತ. ಹಾಸುತ್ತಾ ಹಾಸುತ್ತಾ ಹೋದರೆ ಕೊನೆಯಲ್ಲಿ ಉದ್ದದ ಕಡೆ ಮೂರು ಇಂಚು, ಅಗಲದ ಕಡೆ ಎರಡು ಇಂಚು ಖಾಲಿ! ಗೋಡೆ ಸೊಟ್ಟ ಇರಬೇಕು ಅಂತ ಮೇಸ್ತ್ರಿ ಗೋಡೆ ಕಟ್ಟಿದವರನ್ನು ಬೈದರು. ಆ ಗೋಡೆ ಕಟ್ಟಿದ್ದೂ ಅವರೇ.

ಸಂಜೆ ಖಾಲಿ ಬಾಕ್ಸ್ ಎತ್ತಿ ಇಡುವಾಗ ನೋಡಿದೆ. ಮೇಲೆ 600×600 ಎಂಎಂ ಅಂತ ಅಚ್ಚಾಗಿದೆ. ಎರಡು ಅಡಿ ಅಂದರೆ 609.6 ಎಂಎಂ. ಒಂದು ಟೈಲ್ಸ್‌ಗೆ ಒಂದು ಸೆಂಟಿಮೀಟರ್‌ನಷ್ಟು ಕಮ್ಮಿ, ಹತ್ತು ಸಾಲು ಹಾಕಿದರೆ ಹತ್ತು ಸೆಂಟಿಮೀಟರ್‌ಗೆ ಹತ್ತಿರ. ಜಾಯಿಂಟ್ ಬಿಟ್ಟಿದ್ದರಿಂದ ಸ್ವಲ್ಪ ತುಂಬಿತು, ಉಳಿದದ್ದು ಮೂರು ಇಂಚು. ಪಟ್ಟಿ ಕತ್ತರಿಸಿ ಹಾಕೋಣ ಅಂದರೆ ಇದ್ದ ಎರಡರಲ್ಲಿ ಒಂದು ಒಡೆದು ಹೋಯಿತು. ಅಂಗಡಿಗೆ ಓಡಿದೆ. ಆ ಬ್ಯಾಚ್ ಮುಗಿದಿದೆ, ಹೊಸ ಬ್ಯಾಚಿನ ಬಣ್ಣ ಒಂದು ಚೂರು ಬೇರೆ.

ಹಾಗಾಗಿ ಪ್ರಶ್ನೆ ಎರಡು. ಒಂದು, ಆ ಪಟ್ಟಿಗೆ ಏನು ಮಾಡಲಿ? ಎರಡು, ಕೆಜಿ, ಲೀಟರ್, ಕಿಲೋಮೀಟರ್‌ಗೆಲ್ಲ ಒಗ್ಗಿಕೊಂಡ ನಾವು ಅಡಿ-ಇಂಚನ್ನು ಮಾತ್ರ ಯಾಕೆ ಬಿಟ್ಟಿಲ್ಲ?

ಎಂಎಂ_ಮಾತ್ರ:
ನಾನು ಆರ್ಕಿಟೆಕ್ಟ್. ಈ ಗೋಳು ವಾರಕ್ಕೊಮ್ಮೆ ಕೇಳುತ್ತೇನೆ. ಕಾರ್ಖಾನೆಯವರು ಮೀಟರ್ ಲೆಕ್ಕದಲ್ಲಿ ಮಾಡುತ್ತಾರೆ, ಅಂಗಡಿಯವರು ಅಡಿಯಲ್ಲಿ ಮಾರುತ್ತಾರೆ. 600ಕ್ಕೆ "ಎರಡಡಿ", 300ಕ್ಕೆ "ಒಂದಡಿ". ಯಾರೂ ಮೋಸ ಮಾಡುತ್ತಿಲ್ಲ, ಬರೀ ಬಾಯಿಮಾತು. ಆದರೆ ಆ ಬಾಯಿಮಾತಿನ ಮೇಲೆ ಗುಣಾಕಾರ ಮಾಡಿದ ಕೂಡಲೇ ಎಡವಟ್ಟು. ನಾನು ಡ್ರಾಯಿಂಗ್‌ನಲ್ಲಿ ಗೋಡೆ 230 ಅಂತ ಬರೆಯುತ್ತೇನೆ, ಸೈಟಿನಲ್ಲಿ ಅದು "ಒಂಬತ್ತಿಂಚು". ಒಂದೂವರೆ ಎಂಎಂ ವ್ಯತ್ಯಾಸ, ಗಾರೆಯಲ್ಲಿ ಮುಚ್ಚಿ ಹೋಗುತ್ತದೆ. ಬಾಗಿಲು ಹಾಗಲ್ಲ. 2100 ಎಂಎಂ ಅಂತ ಬರೆದಿದ್ದೆ, ಮೇಸ್ತ್ರಿ "ಏಳಡಿ" ಅಂತ ಓದಿಕೊಂಡು ಜಾಗ ಬಿಟ್ಟರು. ಏಳಡಿ ಅಂದರೆ 2133 ಎಂಎಂ ಚಿಲ್ಲರೆ. ಚೌಕಟ್ಟು ತಂದು ನಿಲ್ಲಿಸಿದಾಗ ಮೇಲೆ ಹೆಬ್ಬೆರಳು ತೂರುವಷ್ಟು ಸಂದು.

ನನ್ನ ಉತ್ತರ ಒಂದೇ. ಅಡಿ-ಇಂಚನ್ನು ಮರೆತುಬಿಡಿ. ಎಲ್ಲ ಎಂಎಂ. ಮುಗೀತು.

ಮೇಸ್ತ್ರಿ_ಮಗ:
ಮುಗೀಲಿಲ್ಲ ಸರ್. ಪ್ಲೈವುಡ್ ಅಂಗಡಿಗೆ ಹೋಗಿ ಏನು ಕೇಳುತ್ತೀರಿ? "ಎಂಟು ಬೈ ನಾಲ್ಕು, 18 ಎಂಎಂ." ಉದ್ದ ಅಗಲ ಅಡಿಯಲ್ಲಿ, ದಪ್ಪ ಎಂಎಂನಲ್ಲಿ, ಒಂದೇ ಉಸಿರಿನಲ್ಲಿ. ಕಬ್ಬಿಣ 8 ಎಂಎಂ, 12 ಎಂಎಂ. ಬ್ಲಾಕ್ ಆರಿಂಚು. ಸಿಮೆಂಟ್ 50 ಕೆಜಿ. ಪೈಪ್ ಮುಕ್ಕಾಲು ಇಂಚು. ರಾಜಸ್ಥಾನದಿಂದ ಬಂದ ಬಡಗಿ ಇಂಚಿನ ಎಂಟನೇ ಒಂದು ಭಾಗಕ್ಕೆ "ಸೂತ್" ಅನ್ನುತ್ತಾರೆ, "ದೋ ಸೂತ್ ಕಮ್" ಅಂದರೆ ನಮ್ಮ ಹೆಲ್ಪರ್ ಹುಡುಗನಿಗೂ ಅರ್ಥ ಆಗುತ್ತದೆ. ಒಂದೇ ಗೋಡೆಗೆ ಇಷ್ಟೂ ಅಳತೆ ಬೇಕು, ಆದರೂ ಗೋಡೆ ನೆಟ್ಟಗೆ ನಿಲ್ಲುತ್ತದಲ್ಲ?

ಅಪ್ಪನಿಗೆ 305 ಎಂಎಂ ಅಂದರೆ ಕಣ್ಣಿಗೆ ಕಾಣುವುದಿಲ್ಲ, ಒಂದಡಿ ಅಂದರೆ ಕಾಣುತ್ತದೆ. ಅಡಿಯನ್ನು ಎರಡು, ಮೂರು, ನಾಲ್ಕು, ಆರು ಭಾಗ ಮಾಡಬಹುದು, 12 ಇಂಚು ಅಲ್ವಾ. ಹತ್ತನ್ನು ಮೂರು ಭಾಗ ಮಾಡಿ ನೋಡೋಣ.

ಎಂಎಂ_ಮಾತ್ರ:
300ನ್ನು ಮೂರು ಭಾಗ ಮಾಡಿ. ನೂರು. ಅದಕ್ಕೇ ನಾವು ಸೆಂಟಿಮೀಟರ್ ಬಿಟ್ಟು ಎಂಎಂನಲ್ಲಿ ಬರೆಯುವುದು.

ಮೇಸ್ತ್ರಿ_ಮಗ:
ಸರಿ ಸರಿ, ಒಂದು ಪಾಯಿಂಟ್ ನಿಮಗೆ 😄

ಸೈಟು_ಸಾಲ:
ನಿಮ್ಮದು ಟೈಲ್ಸ್, ನನ್ನದು ಸೈಟು. ಬ್ರೋಕರ್ "30 ಬೈ 40" ಅಂದರು. 1200 ಚದರಡಿ ಅಂತ ಅಡಿ ಲೆಕ್ಕದಲ್ಲಿ ರೇಟು ಮಾತಾಡಿದ್ದಾಯಿತು. ಕಾಗದ ಪತ್ರ ಕೈಗೆ ಬಂದಾಗ ನೋಡಿದರೆ 9×12 ಮೀಟರ್, 108 ಚದರ ಮೀಟರ್. ಚದರಡಿಗೆ ತಂದರೆ 1162.5. ಮೂವತ್ತೇಳೂವರೆ ಚದರಡಿ ಎಲ್ಲಿ ಹೋಯಿತು? ಅಡಿಗೆ 6000 ಅಂತ ಇಟ್ಟುಕೊಂಡರೂ ಎರಡೂಕಾಲು ಲಕ್ಷ. ಬ್ರೋಕರ್‌ನ ಕೇಳಿದರೆ "ಎಲ್ಲರೂ ಇದನ್ನ ಮೂವತ್ತು ನಲವತ್ತು ಅಂತಾನೇ ಕರೀತಾರೆ ಸಾರ್" ಅಂದರು. ಹೌದು, ಎಲ್ಲರೂ ಹಾಗೇ ಕರೆಯುತ್ತಾರೆ. ನಾನೂ ಈಗ ಹಾಗೇ ಕರೆಯುತ್ತೇನೆ. ಮಾರುವಾಗಲೂ ಹಾಗೇ ಕರೆಯುತ್ತೇನೆ.

ಗುಂಟೆ_ಗೋವಿಂದ:
ಜಮೀನಿನ ವಿಷಯ ಬಂತು, ನಾನು ಸುಮ್ನೆ ಕೂರಲಾರೆ. ಪಹಣಿಯಲ್ಲಿ ಈಗಲೂ ಎಕರೆ-ಗುಂಟೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆ ಅಂದರೆ 33 ಅಡಿ ಬೈ 33 ಅಡಿ, 1089 ಚದರಡಿ. ಈ 33 ಎಲ್ಲಿಂದ ಬಂತು ಅಂತ ತುಂಬಾ ದಿನ ಯೋಚಿಸಿದ್ದೆ. 17ನೇ ಶತಮಾನದಲ್ಲಿ ಎಡ್ಮಂಡ್ ಗಂಟರ್ ಅನ್ನುವ ಇಂಗ್ಲಿಷ್ ಗಣಿತಜ್ಞ ಜಮೀನು ಅಳೆಯೋದಕ್ಕೆ 66 ಅಡಿಯ ಸರಪಳಿ ಮಾಡಿದ, ಅದಕ್ಕೆ ನೂರು ಕೊಂಡಿ. ಸರ್ವೆಯವರ ಚೈನು ಅದೇ. ಹತ್ತು ಚದರ ಚೈನು ಸೇರಿದರೆ ಒಂದು ಎಕರೆ. ಅರ್ಧ ಚೈನಿನ ಚೌಕ ನಮ್ಮ ಗುಂಟೆ.

ಇನ್ನೊಂದು ಮಜಾ ಕೇಳಿ. ಕ್ರಿಕೆಟ್ ಪಿಚ್ 22 ಗಜ. ಅಂದರೆ 66 ಅಡಿ. ಅದೇ ಒಂದು ಚೈನು! ಗುಂಟೆ ಎಷ್ಟಿರುತ್ತದೆ ಅಂತ ಮಕ್ಕಳು ಕೇಳಿದರೆ, ಪಿಚ್ಚಿನ ಅರ್ಧ ಉದ್ದ ತೆಗೆದುಕೊಂಡು ಅಷ್ಟೇ ಅಗಲದ ಚೌಕ ಮಾಡಿಕೋ ಅಂತೀನಿ. ಹೆಕ್ಟೇರಿಗೆ ಎರಡೂವರೆ ಎಕರೆಗೆ ಚೂರು ಕಮ್ಮಿ ಅಂತ ಹೇಳಿದರೆ ಯಾರಿಗೂ ಏನೂ ಕಾಣುವುದಿಲ್ಲ.

ಪುತ್ತೂರು_ಪೇಟೆ:
ನಮ್ಮ ಕಡೆ ಗುಂಟೆ ಅಂದರೆ ಯಾರೂ ತಿರುಗಿ ನೋಡುವುದಿಲ್ಲ ಮಾರಾಯ್ರೆ. ಇಲ್ಲಿ ಎಲ್ಲ ಸೆಂಟ್ಸ್. ಎಕರೆಗೆ 100 ಸೆಂಟ್ಸ್, ಒಂದು ಸೆಂಟ್ಸ್‌ಗೆ 435.6 ಚದರಡಿ. ಎರಡೂವರೆ ಸೆಂಟ್ಸ್ ಒಂದು ಗುಂಟೆ. ಬೆಂಗಳೂರಿನಿಂದ ಬಂದ ನೆಂಟರು "ಮನೆ ಎಷ್ಟು ಸೈಟಲ್ಲಿದೆ" ಅಂತ ಕೇಳುತ್ತಾರೆ, ನಾವು "ಹತ್ತು ಸೆಂಟ್ಸ್" ಅಂದರೆ ಅವರಿಗೆ ದೊಡ್ಡದೋ ಸಣ್ಣದೋ ಗೊತ್ತಾಗುವುದಿಲ್ಲ.

ಕಾಫಿ_ಹೂವು:
ಅಯ್ಯೋ, ನಮ್ಮಲ್ಲಿ ಸೆಂಟು ಅಂದರೆ ಮಳೆ! ಸಕಲೇಶಪುರ ಕಡೆಯವಳು ನಾನು. ತೋಟದವರು ಮಳೆ ಅಳೆಯುವುದು ಇಂಚು-ಸೆಂಟಿನಲ್ಲಿ. ಒಂದು ಇಂಚಿಗೆ ನೂರು ಸೆಂಟು. ಬೆಳಗ್ಗೆ ಎದ್ದು ಅಪ್ಪ ಮಾಡುವ ಮೊದಲ ಕೆಲಸ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ ನೋಡಿ ಪುಸ್ತಕದಲ್ಲಿ ಬರೆಯುವುದು. ಆಮೇಲೆ ಪಕ್ಕದ ತೋಟಕ್ಕೆ ಫೋನು. "ನಿಮ್ಮಲ್ಲಿ ಎಷ್ಟು? ನಮ್ಮಲ್ಲಿ ಒಂದು ಇಂಚು ಇಪ್ಪತ್ತು." ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಸಮಯದಲ್ಲಂತೂ ಇಡೀ ಊರಿಗೆ ಅದೇ ಮಾತು. ಒಂದು ಇಂಚು ಬಂದರೆ ನೆಮ್ಮದಿ, ಇಪ್ಪತ್ತೇ ಸೆಂಟು ಬಿದ್ದು ನಿಂತರೆ ಅಪ್ಪನ ಮುಖ ನೋಡೋದಕ್ಕಾಗಲ್ಲ. ಟೀವಿಯಲ್ಲಿ "25 ಮಿಲಿಮೀಟರ್ ಮಳೆ" ಅಂತ ಓದುತ್ತಾರೆ. ಅದೂ ಒಂದು ಇಂಚೇ, 25.4 ಎಂಎಂಗೆ ಒಂದು ಇಂಚು. ಆದರೆ ಅಪ್ಪ ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ, ಬೇರೆ ಯಾರದೋ ಊರಿನ ಮಳೆ ಅನ್ನೋ ಹಾಗೆ.

ಅವರ ಹಳೆಯ ಪುಸ್ತಕಗಳೆಲ್ಲ ಇಂಚಿನಲ್ಲಿವೆ. ಈಗ ಎಂಎಂಗೆ ಬದಲಾಯಿಸಿದರೆ ಈ ವರ್ಷದ ಮಳೆಯನ್ನು ನನ್ನ ಅಜ್ಜ ಬರೆದಿಟ್ಟ ಮಳೆಯ ಪಕ್ಕ ಇಟ್ಟು ನೋಡುವುದು ಹೇಗೆ? ಅದಕ್ಕೇ ಬಿಡುವುದಿಲ್ಲ. ಸೋಮಾರಿತನ ಅಲ್ಲ ಅದು.

ಪುತ್ತೂರು_ಪೇಟೆ:
ಅಂದರೆ ನಮ್ಮ ಹತ್ತು ಸೆಂಟ್ಸ್ ಜಾಗದಲ್ಲಿ ಹತ್ತು ಸೆಂಟು ಮಳೆ ಬಿದ್ದರೆ 😂

ಬೋರು_ಹೊಡೆಸಿದವ:
ಕೋಲಾರದ ಕಡೆ ಬನ್ನಿ. ಬೋರು 1200 ಅಡಿ, ಕೇಸಿಂಗ್ ಆರೂವರೆ ಇಂಚು, ನೀರು ಒಂದೂವರೆ ಇಂಚು, ಮೋಟಾರು ಎಚ್‌ಪಿ, ಬಿಲ್ಲು ಲಕ್ಷದಲ್ಲಿ. ಮೀಟರ್ ಅನ್ನೋ ಮಾತು ಬರೋದು ಕರೆಂಟಿನವರು ಬಂದಾಗ ಮಾತ್ರ.

ಪೇಪರ್_ಓದುಗ:
ನೀರಿನ ಮಾತು ಬಂದಿದ್ದಕ್ಕೆ ಒಂದು ಉದ್ದ ಕಾಮೆಂಟು, ಬೈಬೇಡಿ.

ಮಳೆಗಾಲದಲ್ಲಿ ಪೇಪರಿನಲ್ಲಿ ಜಲಾಶಯಗಳ ಪಟ್ಟಿ ಬರುತ್ತದಲ್ಲ, ಅದನ್ನು ನಾನು ರಾಶಿ ಭವಿಷ್ಯದ ಹಾಗೆ ದಿನಾ ನೋಡುತ್ತೇನೆ. ಕೆಆರ್‌ಎಸ್ 124.80 ಅಡಿ. ಕಬಿನಿ 2284 ಅಡಿ. ತುಂಗಭದ್ರಾ 1633 ಅಡಿ. ಲಿಂಗನಮಕ್ಕಿ 1819 ಅಡಿ. ಚಿಕ್ಕವನಿದ್ದಾಗ ಕೆಆರ್‌ಎಸ್ ಎಲ್ಲಕ್ಕಿಂತ ಪುಟ್ಟ ಡ್ಯಾಮು ಅಂದುಕೊಂಡಿದ್ದೆ! ಅದರ ಅಳತೆ ನದಿಯ ತಳದಿಂದ, ಉಳಿದವುಗಳದ್ದು ಸಮುದ್ರ ಮಟ್ಟದಿಂದ ಅಂತ ಆಮೇಲೆ ಗೊತ್ತಾಯಿತು. ಅಲ್ಲಿಗೆ ಎಲ್ಲ ಅಡಿ. ಆದರೆ ಅದೇ ಪಟ್ಟಿಯಲ್ಲಿ ಆಲಮಟ್ಟಿ 519.60 ಮೀಟರ್. ಅದನ್ನು 524.256 ಮೀಟರ್‌ಗೆ ಎತ್ತರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ್ದು ಎಲ್ಲರಿಗೂ ಗೊತ್ತು.

ಈ 524.256 ನನ್ನನ್ನು ಬಹಳ ಕಾಡಿತ್ತು. ಅಣೆಕಟ್ಟೆಯ ನೀರಿನ ಮಟ್ಟವನ್ನು ಮಿಲಿಮೀಟರ್ ತನಕ ಯಾರಪ್ಪಾ ಹೇಳುತ್ತಾರೆ? ಅಲ್ಲಿ ಒಂದು ಅಲೆ ಎದ್ದರೇ ಅದಕ್ಕಿಂತ ದೊಡ್ಡದು. ಒಂದು ದಿನ ಸುಮ್ನೆ ಕ್ಯಾಲ್ಕ್ಯುಲೇಟರ್ ತೆಗೆದು 0.3048ರಿಂದ ಭಾಗಿಸಿದೆ. ಸರಿಯಾಗಿ 1720 ಬಂತು. ಪಾಯಿಂಟ್ ಸೊನ್ನೆ ಸೊನ್ನೆ. ಮೀಟರಿನ ಅಂಗಿ ತೊಟ್ಟಿದ್ದರೂ ಒಳಗಿರುವುದು 1720 ಅಡಿ! ನೀವೂ ಲೆಕ್ಕ ಹಾಕಿ ನೋಡಿ. ಹೊಸಮನೆಯವರ ಟೈಲ್ಸ್ ಇದಕ್ಕೆ ಸರಿಯಾಗಿ ಉಲ್ಟಾ, ಅಡಿಯ ಅಂಗಿಯೊಳಗೆ ಮೀಟರ್.

ಇನ್ನು ಟಿಎಂಸಿ. ನೂರು ಕೋಟಿ ಘನ ಅಡಿ. ಲೀಟರಿಗೆ ತಂದರೆ ಸುಮಾರು 2830 ಕೋಟಿ ಲೀಟರ್. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, 28.3 ಲೀಟರ್. ಇವೆರಡನ್ನು ಜೋಡಿಸುವ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ, 11,574. ಅಷ್ಟು ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. 2023ರಲ್ಲಿ 15 ದಿನ ದಿನಾ 5000 ಕ್ಯೂಸೆಕ್ ಬಿಡಿ ಅಂತ ಆದೇಶ ಬಂದಾಗ ಮಂಡ್ಯದಲ್ಲಿ ನಮ್ಮ ಮಾವನಿಗೆ ಈ ಲೆಕ್ಕ ಬಾಯಲ್ಲೇ ಬಂತು, "ಆರೂವರೆ ಟಿಎಂಸಿ ಹೋಯ್ತು ಬಿಡು." ಮಾವ ಓದಿದ್ದು ಏಳನೇ ಕ್ಲಾಸು. ಕಾವೇರಿ ತೀರ್ಪೆಲ್ಲ ಟಿಎಂಸಿಯಲ್ಲಿದೆ, 2018ರಲ್ಲಿ ಸುಪ್ರೀಂ ಕೋರ್ಟ್ ನಮಗೆ ಕೊಟ್ಟಿದ್ದು 284.75. ಇದನ್ನು ಘನ ಮೀಟರ್ ಮಾಡುತ್ತೇವೆ ಅಂತ ಯಾರಾದರೂ ಹೊರಟರೆ ಮಂಡ್ಯದಲ್ಲೂ ಅನುಮಾನ ಬರುತ್ತದೆ, ತಂಜಾವೂರಿನಲ್ಲೂ ಬರುತ್ತದೆ. ಎರಡೂ ಕಡೆಯವರು ಒಪ್ಪುವುದು ಆ ಒಂದೇ ವಿಷಯದಲ್ಲಿ ಇರಬಹುದು.

ಎಂಎಂ_ಮಾತ್ರ:
1720 ವಿಷಯ ಗೊತ್ತಿರಲಿಲ್ಲ. ಈಗಷ್ಟೇ ಭಾಗಿಸಿ ನೋಡಿದೆ. ಟೋಪಿ ತೆಗೆದೆ ಸರ್.

ಜೆರ್ಸಿ_ಅಮ್ಮ:
ನೀವೆಲ್ಲ ಎರಡು ಅಳತೆ ಬೆರೆಸಿಕೊಂಡು ಹೇಗೋ ಬದುಕುತ್ತಿದ್ದೀರಿ, ನಾನು ಅಮೆರಿಕದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಇನ್ನೂ ಒಗ್ಗಿಲ್ಲ. ಮಗಳು ಹುಟ್ಟಿದಾಗ ನರ್ಸ್ "ಏಳು ಪೌಂಡ್ ನಾಲ್ಕು ಔನ್ಸ್" ಅಂದರು. ಊರಿಗೆ ಫೋನ್ ಮಾಡಿದರೆ ಅತ್ತೆಯ ಮೊದಲ ಪ್ರಶ್ನೆ, "ಎಷ್ಟು ಕೆಜಿ?" ಹೆರಿಗೆಯಾಗಿ ಎರಡು ಗಂಟೆ ಆಗಿಲ್ಲ, ನಾನು 0.4536ರಿಂದ ಗುಣಿಸುತ್ತಾ ಕೂತಿದ್ದೇನೆ. 3.3 ಕೆಜಿ ಅಂದ ಮೇಲೆ "ಪರವಾಗಿಲ್ಲ, ಪುಷ್ಟಿಯಾಗಿದೆ" ಅಂದರು.

ಚಳಿಗಾಲದಲ್ಲಿ ಒಂದು ಸಲ ಅಮ್ಮನಿಗೆ "ಇವತ್ತು ಇಲ್ಲಿ 30 ಡಿಗ್ರಿ" ಅಂತ ಹೇಳಿದೆ. "ಹಾಗಾದ್ರೆ ಬಟ್ಟೆ ಬೇಗ ಒಣಗುತ್ತೆ ಬಿಡು" ಅಂದರು. 30 ಫ್ಯಾರನ್‌ಹೀಟ್ ಅಂದರೆ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ. ಹೊರಗೆ ನೀರು ಹೆಪ್ಪುಗಟ್ಟಿತ್ತು. ತಮಾಷೆ ಅಂದರೆ ಜ್ವರ ಮಾತ್ರ ಇಬ್ಬರಿಗೂ ಒಂದೇ ಭಾಷೆ. ಭಾರತದಲ್ಲೂ 98.6, 101, 102 ಅಂತಲೇ ಹೇಳುತ್ತೇವಲ್ಲ. ಬಿಸಿಲಿಗೆ ಸೆಲ್ಸಿಯಸ್, ಜ್ವರಕ್ಕೆ ಫ್ಯಾರನ್‌ಹೀಟ್. ಇದನ್ನು ಯಾರಾದರೂ ಯೋಚಿಸಿದ್ದೀರಾ?

ಅಡುಗೆಮನೆ ಇನ್ನೊಂದು ಪುರಾಣ. ಇಲ್ಲಿನ ಕಪ್ಪು ಸುಮಾರು 240 ಎಂಎಲ್, ರೈಸ್ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ಪು 180 ಎಂಎಲ್. ಗೊತ್ತಿಲ್ಲದೆ ದೊಡ್ಡ ಕಪ್ಪಿನಲ್ಲಿ ಅಕ್ಕಿ ಹಾಕಿ ಒಳಗಿನ ಗೀರು ನೋಡಿ ನೀರು ಹಾಕಿದ್ದೆ. ನೀರು ಸಾಲದೆ ಅನ್ನ ಅರೆಬೆಂದ ನುಚ್ಚಿನ ಹಾಗಾಯಿತು, ಗಂಡ ಏನೂ ಮಾತಾಡದೆ ತಿಂದರು. ಈಗ ಅಮ್ಮ ಕೊಟ್ಟ ಹಿತ್ತಾಳೆ ಪಾವಿನಲ್ಲೇ ಅಳೆಯುತ್ತೇನೆ. ಒಂದು ಪಾವು, ಎರಡು ಪಾವು, ಅಷ್ಟೇ. ಲೀಟರೂ ಬೇಡ, ಔನ್ಸೂ ಬೇಡ.

ಲೀಡ್ಸ್_ಲಿಂಗಣ್ಣ:
ಜ್ವರದ ವಿಷಯಕ್ಕೆ ಇಂಗ್ಲೆಂಡಿನಿಂದ ಸಾಕ್ಷಿ. ಇಲ್ಲಿ ಜ್ವರ ಸೆಲ್ಸಿಯಸ್. ಮಗನಿಗೆ 38 ಇತ್ತು ಅಂತ ಹೇಳಿದ್ದಕ್ಕೆ ಅಮ್ಮ ಗಾಬರಿಯಾಗಿ "ಅಷ್ಟು ತಣ್ಣಗಾಗಿದ್ದಾನಾ?" ಅಂದರು. 38 ಅಂದರೆ 100.4. ಅಮ್ಮನ ಶುಗರ್ ವಿಷಯವೂ ಹೀಗೇ. ಅವರದು 126, ಇಲ್ಲಿನ ಡಾಕ್ಟರ್ ಕೇಳುವುದು 7. ಹದಿನೆಂಟರಿಂದ ಭಾಗಿಸಬೇಕು.

ಅಡಿ-ಪೌಂಡ್-ಗ್ಯಾಲನ್‌ಗಳ ಇಂಪೀರಿಯಲ್ ಪದ್ಧತಿಯ ತವರುಮನೆ ಅಲ್ವಾ ಇದು, ಇಲ್ಲಿನ ಕಥೆ ಕೇಳಿ. ಪೆಟ್ರೋಲ್ ಹಾಕಿಸುವುದು ಲೀಟರಿನಲ್ಲಿ, ಮೈಲೇಜ್ ಹೇಳುವುದು ಗ್ಯಾಲನ್ನಿಗೆ ಇಷ್ಟು ಮೈಲಿ ಅಂತ. ಹಾಗಾಗಿ ನನ್ನ ಕಾರು ಎಷ್ಟು ಕೊಡುತ್ತದೆ ಅಂತ ತಿಳಿಯಲು ಪ್ರತಿ ಸಲ ಗ್ಯಾಲನ್ನಿಗೆ 4.546 ಲೀಟರ್ ಅಂತ ನೆನಪಿಸಿಕೊಳ್ಳಬೇಕು. ಅಂಗಡಿಯ ಬಿಯರ್ ಕ್ಯಾನು ಎಂಎಲ್, ಪಬ್ಬಿನಲ್ಲಿ ಪಿಂಟ್. ಮನುಷ್ಯರ ತೂಕ ಸ್ಟೋನ್‌ನಲ್ಲಿ, ಒಂದು ಸ್ಟೋನ್‌ಗೆ 14 ಪೌಂಡ್. ಸಹೋದ್ಯೋಗಿ "ಹನ್ನೆರಡು ಸ್ಟೋನ್ ಆಗಿದ್ದೇನೆ" ಅಂತ ಬೇಸರ ಮಾಡಿಕೊಂಡಾಗ ಸಮಾಧಾನ ಹೇಳಬೇಕೋ ಅಭಿನಂದಿಸಬೇಕೋ ತಿಳಿಯದೆ ನಕ್ಕಿದ್ದೆ.

ಮತ್ತೊಂದು ಕೊಕ್ಕೆ. ಜೆರ್ಸಿ ಅಮ್ಮನವರದ್ದು ಇಂಪೀರಿಯಲ್ ಅಲ್ಲ. ಬ್ರಿಟನ್ ಇಂಪೀರಿಯಲ್ ಪದ್ಧತಿಗೆ ಕಾನೂನು ಮಾಡಿದ್ದು 1824ರಲ್ಲಿ, ಅಷ್ಟರಲ್ಲಿ ಅಮೆರಿಕ ಬೇರೆ ಮನೆ ಮಾಡಿಯಾಗಿತ್ತು. ಅವರು ಹಳೆಯ ವೈನ್ ಗ್ಯಾಲನ್ನನ್ನೇ ಇಟ್ಟುಕೊಂಡರು, ಅದು 3.785 ಲೀಟರ್. ನಮ್ಮದಕ್ಕಿಂತ ಮುಕ್ಕಾಲು ಲೀಟರ್ ಕಮ್ಮಿ. ಪಿಂಟೂ ಅಷ್ಟೇ, ಇಲ್ಲಿ 568 ಎಂಎಲ್, ಅಲ್ಲಿ 473.

ಜೆರ್ಸಿ_ಅಮ್ಮ:
ಓಹ್, ನಾನು ಇಷ್ಟು ವರ್ಷ ಬ್ರಿಟಿಷರನ್ನು ಬೈದದ್ದು ವ್ಯರ್ಥವಾಯಿತಾ!

ಇನ್ನೊಂದು ಮಾತು. ಅಮೆರಿಕ ಮೀಟರಿಗೆ ಬರಲೇ ಇಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. 1975ರಲ್ಲಿ ಕಾನೂನು ಮಾಡಿದರು, ಆದರೆ ಇಷ್ಟ ಇದ್ದವರು ಬದಲಾಗಿ ಅಂದರು. ಇಷ್ಟ ಯಾರಿಗಿರುತ್ತೆ? 1982ರಲ್ಲಿ ಅದಕ್ಕಿದ್ದ ಮಂಡಳಿಯನ್ನೂ ಮುಚ್ಚಿದರು. ಅರಿಝೋನಾದಲ್ಲಿ ಟೂಸಾನ್‌ನಿಂದ ನೊಗಾಲೆಸ್‌ಗೆ ಹೋಗುವ ಇಂಟರ್‌ಸ್ಟೇಟ್ 19ರಲ್ಲಿ ದೂರದ ಫಲಕಗಳು ಕಿಲೋಮೀಟರಿನಲ್ಲಿವೆ. ಆ ರಸ್ತೆಯಲ್ಲಿ ಹೋದಾಗ ನನಗೆ ತವರಿಗೆ ಬಂದ ಹಾಗಾಗಿತ್ತು, ಗಂಡ ಮಾತ್ರ "ವೇಗದ ಬೋರ್ಡು ಮೈಲಿಯಲ್ಲೇ ಇದೆ, ಜೋಪಾನ" ಅಂದರು.

ಹಳೇ_ಸೇರು:
ನಾನು ಇಲ್ಲಿ ಎಲ್ಲರಿಗಿಂತ ಹಿರಿಯ ಅಂತ ಕಾಣುತ್ತೆ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂದಾಗ ಎರಡನೇ ಕ್ಲಾಸು. ಅಲ್ಲಿಯ ತನಕ ರೂಪಾಯಿಗೆ 16 ಆಣೆ, ಅಂದಿನಿಂದ 100 ಪೈಸೆ. ಒಂದಾಣೆಗೆ ಆರೂಕಾಲು ಪೈಸೆ ಬರಬೇಕು. ಕಾಲು ಪೈಸೆ ನಾಣ್ಯ ಎಲ್ಲಿದೆ? ಒಂದಾಣೆ ಕೊಟ್ಟರೆ ಆರು ಪೈಸೆ ಸಿಗುತ್ತಿತ್ತು. ನಮ್ಮಪ್ಪ ಹೇಳಿಕೊಟ್ಟಿದ್ದರು, ಒಂದೊಂದಾಣೆ ಕೊಟ್ಟು ನಾಲ್ಕು ಸಲ ತರಬೇಡ, ನಾಲ್ಕಾಣೆ ಒಟ್ಟಿಗೆ ಕೊಡು, ಪೂರಾ 25 ಸಿಗುತ್ತೆ ಅಂತ. ನಾಲ್ಕು ಸಲ ಹೋದರೆ ಒಂದು ಪೈಸೆ ಖೋತಾ.

ಆಮೇಲೆ ಸೇರು ಹೋಗಿ ಕೆಜಿ ಬಂತು, 1958ರಿಂದ ಹಂತ ಹಂತವಾಗಿ, ಅರವತ್ತೆರಡರ ಹೊತ್ತಿಗೆ ಎಲ್ಲ ಕಡೆ. 80 ತೊಲದ ಸೇರು ಅಂದರೆ 933 ಗ್ರಾಂ. ಹತ್ತಿರ ಹತ್ತಿರ ಕೆಜಿ ಅಲ್ವಾ, ಅಲ್ಲೇ ಜಗಳ. ಸಂತೆಯಲ್ಲಿ ಕೊಳ್ಳುವವರು ಸೇರಿನ ಬೆಲೆಗೆ ಕೆಜಿ ಕೊಡು ಅನ್ನುವುದು, ಮಾರುವವರು ಕೆಜಿಯ ಬೆಲೆಗೆ ಸೇರು ತೂಗುವುದು. ಪೂರಾ ಬೇರೆಯಾಗಿದ್ದರೆ ಯಾರೂ ಮೋಸ ಹೋಗುತ್ತಿರಲಿಲ್ಲ. ಹೊಸಮನೆಯ ತಮ್ಮ, ನಿನ್ನ ಎರಡಡಿ ಟೈಲ್ಸೂ ಅದೇ ಜಾತಿ. ಹೆಚ್ಚೂಕಮ್ಮಿ ಒಂದೇ ಅನ್ನುವ ಕಡೆಯೇ ಟೇಪು ಹಿಡಿದು ನೋಡಬೇಕು.

ಸೂಜಿ_ದಾರ:
ನಾನು ಟೈಲರ್. ನನ್ನ ಟೇಪಿನ ಒಂದು ಬದಿ ಇಂಚು, ಇನ್ನೊಂದು ಬದಿ ಸೆಂಟಿಮೀಟರ್. ಆ ಬದಿಯನ್ನು ನಾನು ಇವತ್ತಿನ ತನಕ ಓದಿಲ್ಲ. ಬಟ್ಟೆ ಕೊಳ್ಳುವುದು ಮೀಟರಿನಲ್ಲಿ, ಹೊಲಿಯುವುದು ಇಂಚಿನಲ್ಲಿ. "36 ಇಂಚು ಅಗಲ ಇದ್ದರೆ ಶರ್ಟಿಗೆ ಎರಡೂಕಾಲು ಮೀಟರ್ ತನ್ನಿ" ಅಂತ ದಿನಾ ಹೇಳುತ್ತೇನೆ. ಇದರಲ್ಲಿ ವಿಚಿತ್ರ ಇದೆ ಅಂತ ನೀವು ಬರೆದ ಮೇಲೇ ಗೊತ್ತಾಗಿದ್ದು. ಅಂಗಡಿ ಮುಂದೆ ಹೂವು ಮಾರುವ ಅಕ್ಕ ಇದಾರೆ, ಅವರದು ಮೊಳ. ಗಿರಾಕಿಗಳು ತಮ್ಮ ಕೈಯಲ್ಲಿ ಅಳೆದು ಜಗಳ ತೆಗೆದರೆ "ನನ್ನ ಕೈ ದೇವರು ಕೊಟ್ಟಿದ್ದು" ಅಂತಾರೆ. ಅದಕ್ಕೆ ಏನು ಹೇಳ್ತೀರಿ?

ಟೈರು_ಪಂಚರ್:
ಒಂದೇ ಸಂಖ್ಯೆಯಲ್ಲಿ ಎರಡೂ ಬೇಕಾ? ಕಾರಿನ ಟೈರ್ ನೋಡಿ. 185/65 ಆರ್ 15. 185 ಅನ್ನುವುದು ಅಗಲ, ಎಂಎಂ. 15 ಅನ್ನುವುದು ರಿಮ್ಮು, ಇಂಚು. ಇಡೀ ಪ್ರಪಂಚ ಹೀಗೇ ಓಡಾಡುತ್ತಿದೆ.

ಎಂಎಂ_ಮಾತ್ರ:
ಸೋತೆ. ಆದರೂ ಒಂದು ಮಾತು ಹೇಳಿ ಹೋಗುತ್ತೇನೆ. ಈಗಿನ ಇಂಚಿಗೆ ಸ್ವಂತ ಮನೆ ಇಲ್ಲ. 1959ರಲ್ಲಿ ಅಮೆರಿಕ, ಬ್ರಿಟನ್ ಮತ್ತೆ ಕೆಲವು ದೇಶದವರು ಸೇರಿ ಒಂದು ಇಂಚು ಅಂದರೆ 25.4 ಎಂಎಂ ಅಂತ ಒಪ್ಪಿಕೊಂಡರು. ಪೌಂಡಿನದ್ದೂ ಇದೇ ಕಥೆ, ಅದನ್ನು ಹೇಳುವುದು ಕೆಜಿಯಲ್ಲಿ. ನೀವೆಲ್ಲ ಇಂಚು ಇಂಚು ಅಂತ ಕುಣಿದರೂ ಮೀಟರಿನ ಮನೆಯಲ್ಲಿ ಬಾಡಿಗೆಗೆ ಇದ್ದೀರಿ.

ಮೇಸ್ತ್ರಿ_ಮಗ:
ಬಾಡಿಗೆ ಮನೆಯಾದರೂ 30 ಬೈ 40 ಇರಲಿ ಸರ್.

ಹೊಸಮನೆ_ಮೈಸೂರು:
ಎಲ್ಲರಿಗೂ ಥ್ಯಾಂಕ್ಸ್. ಎರಡನೇ ಪ್ರಶ್ನೆಗೆ ಇಷ್ಟು ಉತ್ತರ ಬಂತು, ಮೊದಲನೆಯದಕ್ಕೆ ಒಬ್ಬರೂ ಹೇಳಲಿಲ್ಲ 😄 ಪರವಾಗಿಲ್ಲ, ಅಪ್‌ಡೇಟ್ ಕೊಡುತ್ತೇನೆ. ಅಡುಗೆ ಕಟ್ಟೆಗೆ ಹಾಕಿ ಮಿಕ್ಕಿದ್ದ ಕಪ್ಪು ಗ್ರಾನೈಟ್ ಇತ್ತು. ಅದನ್ನೇ ಪಟ್ಟಿ ಮಾಡಿ ಎರಡೂ ಕಡೆ ಬಾರ್ಡರ್ ಹಾಕೋಣ ಅಂತ ಮೇಸ್ತ್ರಿ ಅಂದರು. ಸರಿ ಅಂದೆ. ಉದ್ದದ ಕಡೆಯ ಪಟ್ಟಿಗೆ ಕಲ್ಲು ಕತ್ತರಿಸುವವರಿಗೆ ಅವರು ಹೇಳಿ ಕಳಿಸಿದ್ದು "ಮೂರಿಂಚಿಗೆ ಒಂದು ಸೂತ್ ಜಾಸ್ತಿ." ಅವರು ಚೀಟಿಯಲ್ಲಿ 75 ಎಂಎಂ ಅಂತ ಬರೆದುಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ, ಈ ಸಲ ಬಿಡಲಿಲ್ಲ. ಸೂತ್ ಸೇರಿದರೆ 79 ಅಂತ ಚೀಟಿ ತಿದ್ದಿಸಿದೆ. ನಿನ್ನೆ ಕೂರಿಸಿದರು, ಸರಿಯಾಗಿ ಕೂತಿದೆ.

ಬಾರ್ಡರ್ ಇರುವುದು ಎರಡೇ ಕಡೆ ಆದ್ದರಿಂದ ಬಂದವರೆಲ್ಲ ಇದು ಹೊಸ ಡಿಸೈನಾ ಅಂತ ಕೇಳುತ್ತಿದ್ದಾರೆ. ಹೌದು ಅಂತಲೇ ಹೇಳುತ್ತಿದ್ದೇನೆ. ಪಕ್ಕದ ಬೀದಿಯವರೊಬ್ಬರು ಫೋಟೋ ಬೇರೆ ತೆಗೆದುಕೊಂಡು ಹೋದರು.